ಶಾಲಾ ಮಾಸ್ತರರು ಕಟ್ಟಿದ ಚಿನ್ನದ ತಂಡ: ರಹೀಂ ಸಾಹೇಬರ ಬದುಕು

ಬೋವಿಕಾನ: ಕೊಯ್ಲು ಮುಗಿದ ಗದ್ದೆಯಿರಲಿ, ಶಾಲೆಯ ಮೈದಾನವಿರಲಿ, ಸಂಜೆಯಾದರೆ ಚೆಂಡು ಉರುಳಲೇಬೇಕು ಎಂಬುದು ಕಾಸರಗೋಡಿನ ಹಳ್ಳಿಗಳ ವಾಡಿಕೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳಂ ಮಾತನಾಡುವ ಹುಡುಗರು ಮೈದಾನಕ್ಕಿಳಿದರೆ ಎರಡನ್ನೂ ಬೆರೆಸಿ ಕೂಗಾಡುತ್ತಾರೆ. ಸೆವೆನ್ಸ್ ಪಂದ್ಯಾಟದಲ್ಲಿ ಗೋಲು ಹೊಡೆದವನ ಹೆಸರು ಮರುದಿನ ಚಹಾದಂಗಡಿಯಲ್ಲಿ ಎಲ್ಲರ ಬಾಯಲ್ಲಿರುತ್ತದೆ. ಆದರೆ ಆ ಹುಡುಗನಿಗೆ ಕಾಲು ಹೇಗಿಡಬೇಕು, ಚೆಂಡು ಯಾವಾಗ ಬಿಟ್ಟುಕೊಡಬೇಕು ಎಂದು ಹೇಳಿಕೊಟ್ಟವರ ಹೆಸರನ್ನು ಕೇಳುವವರು ಕಡಿಮೆ.

ಭಾರತದ ಫುಟ್ಬಾಲ್ ಚರಿತ್ರೆಗೂ ಇದೇ ಮಾತು ಅನ್ವಯಿಸುತ್ತದೆ. ಚುನಿ ಗೋಸ್ವಾಮಿ, ಪಿ.ಕೆ. ಬ್ಯಾನರ್ಜಿ, ಜರ್ನೈಲ್ ಸಿಂಗ್, ಪೀಟರ್ ತಂಗರಾಜ್ ಎಂದರೆ ಹಿರಿಯ ಕ್ರೀಡಾಭಿಮಾನಿಗಳು ಈಗಲೂ ಕಿವಿ ನೆಟ್ಟಗೆ ಮಾಡುತ್ತಾರೆ. ಇವರನ್ನೆಲ್ಲ ಒಂದು ತಂಡವಾಗಿ ಕಟ್ಟಿ ಏಷ್ಯಾದ ಚಿನ್ನ ಗೆಲ್ಲಿಸಿದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಮಾತ್ರ ಬಹುಕಾಲ ಮರೆವಿಗೆ ಸಂದಿದ್ದರು. 2024ರಲ್ಲಿ ಅಜಯ್ ದೇವಗನ್ ನಟಿಸಿದ ಹಿಂದಿ ಚಿತ್ರ ಮೈದಾನ್ ತೆರೆಗೆ ಬಂದ ಮೇಲಷ್ಟೇ ಹೊಸ ತಲೆಮಾರು ಅವರ ಹೆಸರು ಕೇಳಿತು. ಭಾರತ ತಂಡಕ್ಕೆ ಎರಡು ಏಷ್ಯನ್ ಕ್ರೀಡಾಕೂಟದ ಚಿನ್ನ ಮತ್ತು ಒಂದು ಒಲಿಂಪಿಕ್ ಸೆಮಿಫೈನಲ್ ತಂದುಕೊಟ್ಟ ಈ ವ್ಯಕ್ತಿ ವೃತ್ತಿಯಿಂದ ಶಾಲಾ ಮಾಸ್ತರರು.

ಕಾಲೇಜು ಮೈದಾನದಿಂದ ಶಾಲೆಯ ಮೈದಾನಕ್ಕೆ

ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು, ನಿಜಾಮರ ಆಳ್ವಿಕೆಯ ಹೈದರಾಬಾದಿನಲ್ಲಿ. ಆಗಿನ ಹೈದರಾಬಾದ್ ಸಂಸ್ಥಾನದಲ್ಲಿ ತೆಲುಗು, ಮರಾಠಿ ಪ್ರದೇಶಗಳ ಜೊತೆಗೆ ಬೀದರ್, ಗುಲ್ಬರ್ಗಾ, ರಾಯಚೂರಿನ ಕನ್ನಡ ಜಿಲ್ಲೆಗಳೂ ಸೇರಿದ್ದವು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿ ಪದವಿ ಪಡೆದ ರಹೀಂ, ವಿದ್ಯಾರ್ಥಿಯಾಗಿದ್ದಾಗಲೇ ವಿಶ್ವವಿದ್ಯಾನಿಲಯದ ತಂಡದ ಆಟಗಾರ. ಮುಂದೆ ಸಿಟಿ ಕಾಲೇಜಿನ ಹಳೆಯ ಹಾಗೂ ಹೊಸ ವಿದ್ಯಾರ್ಥಿಗಳು ಸೇರಿ ಕಟ್ಟಿಕೊಂಡ ಇಲೆವೆನ್ ಹಂಟರ್ಸ್ ಎಂಬ ತಂಡದಲ್ಲಿ, ಬಳಿಕ ಸ್ಥಳೀಯ ಲೀಗಿನಲ್ಲಿ ಹೆಸರು ಮಾಡಿದ್ದ ಖಮರ್ ಕ್ಲಬ್ಬಿನಲ್ಲಿ ಆಡಿದರು.

ಹೊಟ್ಟೆಪಾಡಿಗೆ ಹಿಡಿದದ್ದು ಅಧ್ಯಾಪಕ ವೃತ್ತಿ. ಕಾಚಿಗುಡ ಮಿಡ್ಲ್ ಸ್ಕೂಲ್, ಉರ್ದು ಷರೀಫ್ ಶಾಲೆ, ದಾರುಲ್ ಉಲೂಂ ಹೈಸ್ಕೂಲ್, ಚಾದರ್‌ಘಾಟ್ ಹೈಸ್ಕೂಲ್ ಹೀಗೆ ಒಂದೊಂದೇ ಶಾಲೆ ದಾಟಿ ಬಂದರು. ನಡುವೆ ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು, ಕೊನೆಯ ಎರಡು ಶಾಲೆಗಳಲ್ಲಿ ಆಟೋಟಗಳ ಹೊಣೆ ಹೊತ್ತರು. ಊರ ಶಾಲೆಗಳಲ್ಲಿ ಮಕ್ಕಳು ಡ್ರಿಲ್ ಮಾಸ್ಟ್ರು ಎಂದು ಕರೆಯುತ್ತಾರಲ್ಲ, ಅಂತಹ ಕೆಲಸ. ಪಾಠ ಮಾಡುವವರ ಸಾಲಿನಲ್ಲಿ ಡ್ರಿಲ್ ಮಾಸ್ಟ್ರಿಗೆ ಎಲ್ಲೆಡೆಯೂ ಕೊನೆಯ ಕುರ್ಚಿ. ಆ ಕುರ್ಚಿಯಲ್ಲಿ ಕುಳಿತೇ ರಹೀಂ ದೇಶದ ಫುಟ್ಬಾಲಿನ ದಿಕ್ಕು ಬದಲಿಸಿದರು ಎಂಬುದು ಅವರ ಬದುಕಿನ ವಿಶೇಷ.

1943ರಲ್ಲಿ ಅವರು ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಸಾಯುವ ತನಕ ಆ ಸ್ಥಾನದಲ್ಲೇ ಇದ್ದರು. ಕಾರ್ಯದರ್ಶಿ ಎಂದರೆ ರಶೀದಿ ಬರೆದು, ಕಪ್ ಹಂಚುವ ಕೆಲಸ ಎಂದು ಅವರು ತಿಳಿಯಲಿಲ್ಲ. ಆಟವನ್ನು ಕಲಿಸುವ ವ್ಯವಸ್ಥೆಯನ್ನೇ ಬದಲಿಸಲು ಹೊರಟರು.

ಒಂದೊಂದು ಕೊರತೆಗೆ ಒಂದೊಂದು ಪಂದ್ಯಾಟ

ಆ ಕಾಲದಲ್ಲಿ ಭಾರತದಲ್ಲಿ ಆಡುತ್ತಿದ್ದುದು ಬ್ರಿಟಿಷ್ ಸೈನಿಕರು ಬಿಟ್ಟುಹೋದ ಆಟ. ಚೆಂಡು ಸಿಕ್ಕಿತೆಂದರೆ ಒಂದೋ ದೂರಕ್ಕೆ ಒದೆಯುವುದು, ಇಲ್ಲವೇ ಒಬ್ಬನೇ ನಾಲ್ಕು ಜನರನ್ನು ದಾಟಿಸಿಕೊಂಡು ಹೋಗಿ ಚಪ್ಪಾಳೆ ಗಿಟ್ಟಿಸುವುದು. ಹೆಚ್ಚಿನವರದು ಬರಿಗಾಲು. ಬಲಗಾಲಿನವನಿಗೆ ಎಡಗಾಲು ನಿಲ್ಲಲು ಮಾತ್ರ.

ರಹೀಂ ಇದನ್ನೆಲ್ಲ ಶಾಲಾ ಮಾಸ್ತರರ ಕಣ್ಣಿನಿಂದ ನೋಡಿದರು. ಲೆಕ್ಕದಲ್ಲಿ ಹಿಂದುಳಿದ ಹುಡುಗನಿಗೆ ಇಡೀ ಪುಸ್ತಕ ಮತ್ತೊಮ್ಮೆ ಓದಿಸಿ ಪ್ರಯೋಜನವಿಲ್ಲ, ಅವನು ಎಲ್ಲಿ ತಪ್ಪುತ್ತಾನೋ ಅಲ್ಲಿಗೇ ಕೈಯಿಡಬೇಕು. ಹಾಗೆಯೇ ಆಟಗಾರನ ಒಂದೊಂದು ಕೊರತೆಯನ್ನೂ ಬೇರೆ ಬೇರೆಯಾಗಿ ಹಿಡಿದು ತಿದ್ದಬೇಕು ಎಂಬುದು ಅವರ ಲೆಕ್ಕಾಚಾರ. ಇದಕ್ಕಾಗಿ ಹೈದರಾಬಾದಿನಲ್ಲಿ ಬಗೆಬಗೆಯ ಪಂದ್ಯಾಟಗಳನ್ನು ಏರ್ಪಡಿಸಿದರು. ಒಂದರಲ್ಲಿ ಆಟಗಾರ ತನ್ನ ಬಲಹೀನ ಕಾಲಿನಿಂದಲೇ ಚೆಂಡು ಒದೆಯಬೇಕು. ಇನ್ನೊಂದರಲ್ಲಿ ಡ್ರಿಬ್ಲಿಂಗ್ ಮಾಡುವಂತಿಲ್ಲ, ಚೆಂಡು ಬಂದ ಕೂಡಲೇ ಜೊತೆಗಾರನಿಗೆ ದಾಟಿಸಬೇಕು. ಗಿಡ್ಡ ಹುಡುಗರಿಗೆಂದೇ ಎತ್ತರದ ಮಿತಿ ಹಾಕಿದ ಪಂದ್ಯಾಟವೂ ಇತ್ತು.

ಕೇಳಲು ಮಕ್ಕಳಾಟದಂತಿರುವ ಈ ನಿಯಮಗಳ ಹಿಂದೆ ಸ್ಪಷ್ಟ ಉದ್ದೇಶವಿತ್ತು. ಡ್ರಿಬ್ಲಿಂಗ್ ನಿಷೇಧಿಸಿದರೆ ಆಟಗಾರ ಚೆಂಡು ಬರುವ ಮೊದಲೇ ತಲೆಯೆತ್ತಿ ಸುತ್ತಲೂ ನೋಡಲೇಬೇಕು. ಚೆಂಡಿಲ್ಲದವನೂ ಓಡಿ ಜಾಗ ಮಾಡಿಕೊಡಲೇಬೇಕು. ಎಡಗಾಲು ಪಳಗಿದರೆ ಎದುರಾಳಿ ಬ್ಯಾಕ್‌ಗೆ ಇವನು ಯಾವ ಕಡೆ ತಿರುಗುತ್ತಾನೆಂದು ಊಹಿಸುವುದೇ ಕಷ್ಟ. ಗಿಡ್ಡವರ ಪಂದ್ಯಾಟದಲ್ಲಿ ಚೆಂಡನ್ನು ಗಾಳಿಯಲ್ಲಿ ಹಾರಿಸುವ ಬದಲು ನೆಲದ ಮೇಲೆ ಸಣ್ಣ ಸಣ್ಣ ಪಾಸ್‌ಗಳಲ್ಲಿ ಸಾಗಿಸುವ ಅಭ್ಯಾಸ ಬೆಳೆಯುತ್ತದೆ. ಯುರೋಪಿಯನ್ನರಷ್ಟು ಎತ್ತರ, ತೂಕ ಭಾರತದ ಹುಡುಗರಿಗಿಲ್ಲ ಎಂಬುದು ರಹೀಮರಿಗೆ ಗೊತ್ತಿತ್ತು. ಇಲ್ಲದ್ದಕ್ಕೆ ಕೊರಗದೆ, ಇರುವ ವೇಗ ಮತ್ತು ಚುರುಕುತನವನ್ನೇ ಬಂಡವಾಳ ಮಾಡಿಕೊಂಡರು.

ಪೊಲೀಸ್ ತಂಡದ ದಿಗ್ವಿಜಯ

1950ರಲ್ಲಿ ರಹೀಂ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರರಾದರು. ಅಲ್ಲಿಂದ ಮುಂದೆ ಆ ತಂಡದ್ದು ದಿಗ್ವಿಜಯ. ಮುಂಬಯಿಯ ರೋವರ್ಸ್ ಕಪ್ ಅಂದು ದೇಶದ ಪ್ರತಿಷ್ಠಿತ ಪಂದ್ಯಾಟಗಳಲ್ಲೊಂದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬ್ರಿಟಿಷ್ ಸೈನಿಕ ತಂಡಗಳ ಪಾರುಪತ್ಯ ಮುರಿದು ಗೆದ್ದ ಕಪ್ ಅದು. ಹೈದರಾಬಾದ್ ಪೊಲೀಸರು 1950ರಿಂದ 1954ರ ತನಕ ಸತತ ಐದು ವರ್ಷ ಅದನ್ನು ಗೆದ್ದರು.

ದಿಲ್ಲಿಯ ಡುರಾಂಡ್ ಕಪ್ಪಿನಲ್ಲೂ 1950ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡವನ್ನು ಫೈನಲಿನಲ್ಲಿ ಸೋಲಿಸಿದರು. 1954ರ ಫೈನಲಿನಲ್ಲಿ ಅವರಿಗೆ ಎದುರಾದದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ತಂಡ. ಅಲ್ಲೂ ಗೆಲುವು ಪೊಲೀಸರದೇ. ಅದುವರೆಗೆ ಫುಟ್ಬಾಲ್ ಎಂದರೆ ಕಲ್ಕತ್ತೆ ಎಂದು ನಂಬಿದ್ದ ದೇಶಕ್ಕೆ ದಕ್ಷಿಣದಿಂದ ಬಂದ ಈ ತಂಡ ಬೇರೆಯೇ ಆಟ ತೋರಿಸಿತು. ದೊಡ್ಡ ಸಂಬಳದ ಆಟಗಾರರನ್ನು ಹೊರಗಿನಿಂದ ಕರೆತಂದು ಗೆದ್ದದ್ದಲ್ಲ. ಸ್ಥಳೀಯ ಲೀಗಿನ ಹುಡುಗರನ್ನೇ ಪಳಗಿಸಿ ಗೆದ್ದದ್ದು.

ಪ್ರತಿಭೆ ಎಲ್ಲಿದ್ದರೂ ರಹೀಮರ ಕಣ್ಣಿಗೆ ಬೀಳುತ್ತಿತ್ತು. ಸಿಕಂದರಾಬಾದಿನ ಹೊರವಲಯದ ಅಮ್ಮುಗೂಡದ ಬಡ ಮನೆಯ ಹುಡುಗ ತುಳಸಿದಾಸ್ ಬಲರಾಂ ಅವರಲ್ಲೊಬ್ಬರು. ಅಭ್ಯಾಸಕ್ಕೆ ನಗರಕ್ಕೆ ಬಂದುಹೋಗುವ ಖರ್ಚಿಗೂ ಆ ಮನೆಯಲ್ಲಿ ಕಷ್ಟವಿತ್ತು. ರಹೀಂ ಅದಕ್ಕೊಂದು ದಾರಿ ಮಾಡಿಕೊಟ್ಟು ಹುಡುಗನನ್ನು ಕರೆಸಿಕೊಂಡರು. ಅದೇ ಬಲರಾಂ ಮುಂದೆ ಎರಡು ಒಲಿಂಪಿಕ್ಸ್ ಕಂಡರು, ರೋಮ್‌ನಲ್ಲಿ ಹಂಗೇರಿಯ ವಿರುದ್ಧ ಗೋಲು ಹೊಡೆದರು.

ದಿಲ್ಲಿಯ ಚಿನ್ನ, ಹೆಲ್ಸಿಂಕಿಯ ಪೆಟ್ಟು

1951ರ ಮಾರ್ಚ್‌ನಲ್ಲಿ ದಿಲ್ಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಭಾರತ ತಂಡದ ತರಬೇತುದಾರ ರಹೀಂ, ನಾಯಕ ಶೈಲೇನ್ ಮನ್ನಾ. ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದ ಮುಂಚೂಣಿಯ ಆಟಗಾರ. ಫೈನಲಿನಲ್ಲಿ ಇರಾನ್ ವಿರುದ್ಧ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಭಾರತ ಚಿನ್ನ ಗೆದ್ದಿತು. ಸ್ವಾತಂತ್ರ್ಯ ಬಂದು ನಾಲ್ಕು ವರ್ಷವೂ ತುಂಬದ ದೇಶಕ್ಕೆ ಅದು ದೊಡ್ಡ ಹಬ್ಬ.

ಆದರೆ ಮರುವರ್ಷವೇ ಕಣ್ಣು ತೆರೆಸುವ ಪೆಟ್ಟು ಬಿತ್ತು. 1952ರ ಜುಲೈಯಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ ಭಾರತ 10-1ರಿಂದ ಸೋತಿತು. ಚಳಿಯ ನಾಡಿನಲ್ಲಿ ಭಾರತದ ಹಲವರು ಬರಿಗಾಲಿನಲ್ಲೇ ಆಡಿದ್ದರು. ಭಾರತದ ಮಾನ ಉಳಿಸಿದ ಆ ಒಂದು ಗೋಲು ಅಹ್ಮದ್ ಖಾನ್ ಅವರದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ರಾಮನ್ ಕೂಡ ಬೆಂಗಳೂರಿನವರೇ ಎಂಬುದು ಕನ್ನಡನಾಡಿಗೆ ಹೆಮ್ಮೆಯ ವಿಷಯ.

ಇಂತಹ ಸೋಲಿನ ಬಳಿಕ ಹಲವರು ತಲೆ ತಗ್ಗಿಸಿ ಮನೆ ಸೇರುತ್ತಾರೆ. ರಹೀಂ ಆ ಸೋಲನ್ನೇ ಪಾಠ ಮಾಡಿಕೊಂಡರು. ಹೆಲ್ಸಿಂಕಿಯ ನಂತರ ಬೂಟು ಹಾಕಿ ಆಡುವುದನ್ನು ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ಕಡ್ಡಾಯ ಮಾಡಿತು. ಬರಿಗಾಲಿಗೆ ಒಗ್ಗಿದವರಿಗೆ ಇದು ಸುಲಭದ ಮಾತಾಗಿರಲಿಲ್ಲ. ಚೆಂಡಿನ ಸ್ಪರ್ಶವೇ ಬದಲಾಗುತ್ತದೆ, ಓಟದ ಲಯ ತಪ್ಪುತ್ತದೆ. ಜೊತೆಗೆ ಆಟಗಾರರನ್ನು ನಿಲ್ಲಿಸುವ ಕ್ರಮವನ್ನೂ ರಹೀಂ ಬದಲಿಸತೊಡಗಿದರು. ಹಂಗೇರಿ ತಂಡ 1953ರಲ್ಲಿ ಇಂಗ್ಲೆಂಡನ್ನು ಅದರ ನೆಲದಲ್ಲೇ 6-3ರಿಂದ ಮಣಿಸಿದ್ದು ಸೆಂಟರ್ ಫಾರ್ವರ್ಡ್ ಆಟಗಾರನನ್ನು ಹಿಂದಕ್ಕೆ ಎಳೆದು ಆಡಿಸಿದ್ದರಿಂದ. ಎದುರಾಳಿ ಬ್ಯಾಕ್ ಅವನ ಬೆನ್ನು ಹಿಡಿದರೆ ಗೋಲಿನ ಮುಂದೆ ಜಾಗ ಬಿಚ್ಚಿಕೊಳ್ಳುತ್ತದೆ, ಹಿಡಿಯದಿದ್ದರೆ ಅವನೇ ಆಟ ಕಟ್ಟುತ್ತಾನೆ. ಜಗತ್ತಿನ ಇಂತಹ ಹೊಸ ಪಟ್ಟುಗಳನ್ನು ರಹೀಂ ದೂರದ ಹೈದರಾಬಾದಿನಲ್ಲಿ ಕುಳಿತೇ ಗಮನಿಸಿ, ತಮ್ಮ ಹುಡುಗರಿಗೆ ಹೊಂದುವಂತೆ ಅಳವಡಿಸಿದರು. ಮುಂದೆ 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಜನಪ್ರಿಯಗೊಳಿಸಿದ ನಾಲ್ವರು ಬ್ಯಾಕ್, ಇಬ್ಬರು ಹಾಫ್, ನಾಲ್ವರು ಫಾರ್ವರ್ಡ್ ಎಂಬ ಕ್ರಮವನ್ನು ಭಾರತದಲ್ಲಿ ಬೇರೂರಿಸಿದವರೂ ಅವರೇ.

ರಾಜ್ಯಗಳು ಬದಲಾದ ವರ್ಷದ ಮೆಲ್ಬೋರ್ನ್

1956ರ ನವೆಂಬರ್ 1 ಗಡಿನಾಡಿನವರು ಮರೆಯಲಾಗದ ದಿನ. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಅಂದು ಕೇರಳಕ್ಕೆ ಸೇರಿತು. ಅದೇ ದಿನ ಹೈದರಾಬಾದ್ ರಾಜ್ಯವೂ ಇಲ್ಲವಾಯಿತು. ಬೀದರ್, ಗುಲ್ಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು, ಮರಾಠವಾಡ ಮುಂಬಯಿಗೆ ಹೋಯಿತು, ಉಳಿದದ್ದು ಆಂಧ್ರಪ್ರದೇಶವಾಯಿತು.

ಇದಾಗಿ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು ರಹೀಮರ ತಂಡ ಮೆಲ್ಬೋರ್ನ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲಿನಲ್ಲಿ ಆಸ್ಟ್ರೇಲಿಯಾವನ್ನು ಎದುರಿಸಿತು. ಹಂಗೇರಿ ಹಿಂದೆ ಸರಿದುದರಿಂದ ಮೊದಲ ಸುತ್ತು ಆಡದೆಯೇ ಸಿಕ್ಕಿತ್ತು. ತಂಡದ ಪಟ್ಟಿ ನೋಡಿದರೆ ಹೊಸ ರಾಜ್ಯಗಳ ಗಡಿಗೆರೆಗಳಿಗೆ ಅಲ್ಲಿ ಬೆಲೆಯೇ ಇರಲಿಲ್ಲ. ಬಂಗಾಳದ ಬದ್ರು ಬ್ಯಾನರ್ಜಿ ನಾಯಕ. ಹೈದರಾಬಾದಿನ ಅಜೀಜುದ್ದೀನ್, ನೂರ್ ಮಹಮ್ಮದ್, ಜುಲ್ಫಿಕರುದ್ದೀನ್, ಬಲರಾಂ. ಮೈಸೂರು ರಾಜ್ಯದ ಕೆಂಪಯ್ಯ. ಕೋಝಿಕ್ಕೋಡಿನ ಟಿ.ಎ. ರಹಮಾನ್. ಇವರನ್ನು ಮಲಬಾರಿನವರು ಮುಂದೆ ಒಲಿಂಪಿಯನ್ ರಹಮಾನ್ ಎಂದೇ ಕರೆದರು.

ಮುಂಬಯಿಯ ನೆವಿಲ್ ಡಿಸೋಜ ಆ ದಿನ ಹ್ಯಾಟ್ರಿಕ್ ಗೋಲು ಹೊಡೆದರು. ಆತಿಥೇಯ ಆಸ್ಟ್ರೇಲಿಯಾ 4-2ರಿಂದ ಸೋತಿತು. ಒಲಿಂಪಿಕ್ ಫುಟ್ಬಾಲಿನಲ್ಲಿ ಸೆಮಿಫೈನಲ್ ತಲುಪಿದ ಮೊದಲ ಏಷ್ಯಾ ದೇಶ ಎಂಬ ಹೆಗ್ಗಳಿಕೆ ಭಾರತದ್ದಾಯಿತು. ಸೆಮಿಫೈನಲಿನಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯಾ. ವಿರಾಮದ ನಂತರ ಡಿಸೋಜ ಗೋಲಿನಿಂದ ಭಾರತ ಮುನ್ನಡೆಯನ್ನೂ ಪಡೆಯಿತು. ಕೊನೆಗೆ 4-1ರಿಂದ ಸೋತರೂ, ಹತ್ತು ಗೋಲು ತಿಂದ ತಂಡ ನಾಲ್ಕೇ ವರ್ಷದಲ್ಲಿ ಅದೇ ಎದುರಾಳಿಯನ್ನು ಬೆದರಿಸುವ ಮಟ್ಟಕ್ಕೆ ಬಂದಿತ್ತು. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯಾ 3-0ರಿಂದ ಗೆದ್ದುದರಿಂದ ಭಾರತಕ್ಕೆ ನಾಲ್ಕನೆಯ ಸ್ಥಾನ. ಭಾರತ ಫುಟ್ಬಾಲ್ ತಂಡ ಒಲಿಂಪಿಕ್ಸ್‌ನಲ್ಲಿ ಏರಿದ ಅತಿ ಎತ್ತರದ ಮೆಟ್ಟಿಲು ಅದೇ.

ರೋಮ್: ಮಗನೂ ಆಟಗಾರ, ಅಪ್ಪನೇ ತರಬೇತುದಾರ

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತದ ಪಾಲಿಗೆ ಬಂದದ್ದು ಕಠಿಣ ಗುಂಪು. ಪಿ.ಕೆ. ಬ್ಯಾನರ್ಜಿ ನಾಯಕರಾಗಿದ್ದ ತಂಡ ಹಂಗೇರಿಯ ವಿರುದ್ಧ 2-1ರಿಂದ ಸೋತಿತು, ಫ್ರಾನ್ಸ್ ಜೊತೆ 1-1ರ ಸಮಬಲ ಸಾಧಿಸಿತು, ಪೆರು ವಿರುದ್ಧ 3-1ರಿಂದ ಸೋತು ಹಿಂದಿರುಗಿತು. ಅಂಕಪಟ್ಟಿಯಲ್ಲಿ ಇದು ಸೋಲು. ಆದರೆ ಯುರೋಪಿನ ದೊಡ್ಡ ತಂಡಗಳ ಎದುರು ಸರಿಸಮವಾಗಿ ನಿಂತು ಆಡಿದ ಭಾರತವನ್ನು ಆಮೇಲೆ ಒಲಿಂಪಿಕ್ಸ್ ಕಂಡಿಲ್ಲ. 2024ರ ಪ್ಯಾರಿಸ್ ಕೂಟದವರೆಗೂ ಭಾರತದ ಪುರುಷರ ಫುಟ್ಬಾಲ್ ತಂಡ ಮತ್ತೆ ಅರ್ಹತೆ ಪಡೆಯಲಿಲ್ಲ.

ರೋಮ್ ತಂಡದಲ್ಲಿ ಕೆಂಪಯ್ಯ ಮತ್ತೆ ಇದ್ದರು. ರಹೀಮರ ಮಗ ಸೈಯದ್ ಶಾಹಿದ್ ಹಕೀಂ ಕೂಡ ತಂಡದಲ್ಲಿದ್ದರು. ಆದರೆ ಅಲ್ಲಿ ಅವರಿಗೆ ಆಡುವ ಅವಕಾಶ ಸಿಗಲಿಲ್ಲ. ಎರಡು ವರ್ಷದ ಬಳಿಕ ಜಕಾರ್ತಕ್ಕೆ ಹೊರಟ ತಂಡದಲ್ಲಿ ಹಕೀಂ ಹೆಸರೇ ಇರಲಿಲ್ಲ. ಅಪ್ಪ ತರಬೇತುದಾರನಾದರೆ ಮಗನಿಗೆ ಜಾಗ ಖಾಯಂ ಎಂದು ಊರು ಆಡಿಕೊಳ್ಳುವುದು ಸಾಮಾನ್ಯ. ರಹೀಂ ಅಂತಹ ಮಾತಿಗೆ ಎಡೆ ಕೊಡಲಿಲ್ಲ.

ಜಕಾರ್ತದ ಹತ್ತು ದಿನ

1962ರ ಆಗಸ್ಟ್ ಕೊನೆಯಲ್ಲಿ ಇಂಡೋನೇಷ್ಯಾದ ಜಕಾರ್ತದಲ್ಲಿ ನಾಲ್ಕನೆಯ ಏಷ್ಯನ್ ಕ್ರೀಡಾಕೂಟ. ತಂಡದ ನಾಯಕ ಚುನಿ ಗೋಸ್ವಾಮಿ. ಕೇರಳದ ಇರಿಞಾಲಕುಡದ ಒ. ಚಂದ್ರಶೇಖರನ್ ಬ್ಯಾಕ್ ಸ್ಥಾನದಲ್ಲಿದ್ದರು. ರಹೀಮರಿಗೆ ಆಗ 53 ವರ್ಷ. ಬಹಳವಾಗಿ ಸಿಗರೇಟು ಸೇದುತ್ತಿದ್ದ ಅವರ ಶ್ವಾಸಕೋಶವನ್ನು ಕಾಯಿಲೆ ಒಳಗೊಳಗೇ ಕೊರೆಯುತ್ತಿತ್ತು.

ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ 2-0ರಿಂದ ಭಾರತವನ್ನು ಸೋಲಿಸಿತು. ಥಾಯ್ಲೆಂಡ್ ವಿರುದ್ಧ 4-1ರ ಗೆಲುವು ಸಿಕ್ಕಿತಾದರೂ ಬೆಲೆ ತೆರಬೇಕಾಯಿತು. ರಕ್ಷಣಾ ವಿಭಾಗದ ಆಧಾರಸ್ತಂಭವಾಗಿದ್ದ ಪಂಜಾಬಿನ ಜರ್ನೈಲ್ ಸಿಂಗ್ ತಲೆಗೆ ಗಾಯವಾಗಿ ಹೊಲಿಗೆ ಬಿತ್ತು. ಜಪಾನನ್ನು 2-0ರಿಂದ ಮಣಿಸಿ ಭಾರತ ಸೆಮಿಫೈನಲಿಗೆ ಬಂದಾಗ ರಹೀಮರ ಮುಂದೆ ದೊಡ್ಡ ಪ್ರಶ್ನೆ. ತಲೆಗೆ ಹೊಲಿಗೆ ಹಾಕಿದ ಬ್ಯಾಕ್ ಆಟಗಾರ ಎದುರಾಳಿಯ ಎತ್ತರದ ಚೆಂಡುಗಳನ್ನು ತಲೆಯಲ್ಲಿ ತಡೆಯುವುದು ಹೇಗೆ? ಅವನನ್ನು ಕೂರಿಸಿದರೆ ಬದಲಿಗೆ ಅಂತಹ ಎದೆಗಾರ ಎಲ್ಲಿ?

ರಹೀಂ ತೆಗೆದುಕೊಂಡ ತೀರ್ಮಾನ ಎಲ್ಲರನ್ನೂ ಬೆರಗುಗೊಳಿಸಿತು. ಜರ್ನೈಲ್ ಅವರನ್ನು ಹಿಂದಿನಿಂದ ತೆಗೆದು ಮುಂದಕ್ಕೆ, ಸೆಂಟರ್ ಫಾರ್ವರ್ಡ್ ಜಾಗಕ್ಕೆ ಹಾಕಿದರು. ಅವರು ತೆರವು ಮಾಡಿದ ಜಾಗವನ್ನು ಅರುಣ್ ಘೋಷ್ ತುಂಬಿದರು. ಇದು ಜೂಜಾಟವಲ್ಲ. ಜರ್ನೈಲ್ ಕಾಲೇಜು ದಿನಗಳಲ್ಲಿ ಫಾರ್ವರ್ಡ್ ಆಗಿ ಆಡಿದವರು. ಆಟಗಾರನ ಇಂದಿನ ಜಾಗ ಮಾತ್ರವಲ್ಲ, ಅವನು ಬಂದ ದಾರಿಯನ್ನೂ ತಿಳಿದಿದ್ದ ತರಬೇತುದಾರ ಮಾಡಬಹುದಾದ ಕೆಲಸ ಅದು. ದಕ್ಷಿಣ ವಿಯೆಟ್ನಾಂ ವಿರುದ್ಧದ ಸೆಮಿಫೈನಲಿನಲ್ಲಿ ಗೋಸ್ವಾಮಿ ಎರಡು, ಜರ್ನೈಲ್ ಒಂದು ಗೋಲು ಹೊಡೆದು ಭಾರತ 3-2ರಿಂದ ಗೆದ್ದಿತು.

ಮೈದಾನದ ಹೊರಗೆ ಮತ್ತೊಂದು ಬಿರುಗಾಳಿ ಎದ್ದಿತ್ತು. ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ಇಂಡೋನೇಷ್ಯಾ ಪ್ರವೇಶ ನಿರಾಕರಿಸಿತ್ತು. ಹಾಗಾದರೆ ಇದನ್ನು ಏಷ್ಯನ್ ಕ್ರೀಡಾಕೂಟ ಎಂದು ಕರೆಯುವುದು ಸರಿಯಲ್ಲ ಎಂದು ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ ಆಕ್ಷೇಪಿಸಿದ್ದರು. ಇದರಿಂದ ಕೆರಳಿದ ಜನ ಫೈನಲಿನ ಮುನ್ನಾದಿನ ಭಾರತದ ರಾಯಭಾರ ಕಚೇರಿಗೆ ನುಗ್ಗಿ ದಾಂಧಲೆ ಮಾಡಿದರು. ಆಟಗಾರರು ಬೀದಿಯಲ್ಲಿ ಗುರುತು ತೋರಿಸಿ ಓಡಾಡುವುದೇ ಕಷ್ಟವಾಯಿತು.

ಸೆಪ್ಟೆಂಬರ್ 4ರಂದು ಸೆನಾಯನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಪ್ರೇಕ್ಷಕರು. ಎದುರಾಳಿ, ಮೊದಲ ಪಂದ್ಯದಲ್ಲಿ ಸೋಲಿಸಿದ್ದ ದಕ್ಷಿಣ ಕೊರಿಯಾ. ಭಾರತದ ಆಟಗಾರರು ಚೆಂಡು ಮುಟ್ಟಿದರೆ ಸಾಕು, ಇಡೀ ಮೈದಾನವೇ ಕೂಗಿ ಹೀಯಾಳಿಸುತ್ತಿತ್ತು. ಭಾರತಕ್ಕೆ ಬೆಂಬಲ ಕೊಟ್ಟ ಬೆರಳೆಣಿಕೆಯ ಮಂದಿಯಲ್ಲಿ ಪಾಕಿಸ್ತಾನದ ಹಾಕಿ ಆಟಗಾರರಿದ್ದರು ಎಂದು ತಂಡದವರು ಬಳಿಕ ನೆನೆಸಿಕೊಂಡಿದ್ದಾರೆ. ಕೊರಿಯನ್ನರ ಎತ್ತರದ ಚೆಂಡುಗಳನ್ನು ತಡೆಯಲು ರಹೀಂ, ಜ್ವರದಿಂದ ಬಳಲಿದ್ದ ನೀಳಕಾಯದ ತಂಗರಾಜ್ ಅವರನ್ನೇ ಗೋಲಿಯಾಗಿ ಇಳಿಸಿದರು. ಬ್ಯಾಕ್ ತ್ರಿಲೋಕ್ ಸಿಂಗ್ ಕಾಲ್ಬೆರಳಿನ ನೋವಿನಲ್ಲೇ ಆಡಿದರು. ಜರ್ನೈಲ್ ಹೊಲಿಗೆ ಹಾಕಿದ ತಲೆಯಲ್ಲೇ ಮುಂದೆ ನಿಂತರು.

17ನೆಯ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಗೋಲು. ಮೂರೇ ನಿಮಿಷದಲ್ಲಿ ಜರ್ನೈಲ್ ಸಿಂಗ್ ಮತ್ತೊಂದು. ಆಟ ಮುಗಿಯಲು ಐದು ನಿಮಿಷ ಇರುವಾಗ ಕೊರಿಯಾ ಒಂದು ಗೋಲು ಮರಳಿಸಿತು. ಅದಕ್ಕಿಂತ ಮುಂದೆ ಹೋಗಲು ಭಾರತದ ರಕ್ಷಣೆ ಬಿಡಲಿಲ್ಲ. 2-1ರಿಂದ ಚಿನ್ನ ಭಾರತಕ್ಕೆ. ಹೀಯಾಳಿಸಿದ ಅದೇ ಮೈದಾನದಲ್ಲಿ ಭಾರತದ ರಾಷ್ಟ್ರಗೀತೆ ಮೊಳಗಿತು.

ಕೊನೆಯ ತಿಂಗಳುಗಳು

ಜಕಾರ್ತದಿಂದ ಹಿಂತಿರುಗಿದ ಮೇಲೆ ರಹೀಂ ಹೆಚ್ಚು ದಿನ ಬದುಕಲಿಲ್ಲ. ಕ್ಯಾನ್ಸರ್ ಅವರನ್ನು ಹಾಸಿಗೆಗೆ ಕೆಡವಿತು. 1963ರ ಜೂನ್ 11ರಂದು ಹೈದರಾಬಾದಿನಲ್ಲಿ ಕೊನೆಯುಸಿರೆಳೆದರು. ಚಿನ್ನ ಗೆದ್ದು ಆಗಿನ್ನೂ ಒಂಬತ್ತು ತಿಂಗಳು.

ಅವರ ಜೊತೆಗೆ ಏನು ಹೋಯಿತು ಎಂಬುದು ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. 1964ರ ಏಷ್ಯಾ ಕಪ್‌ನಲ್ಲಿ ಭಾರತ ಎರಡನೆಯ ಸ್ಥಾನ ಪಡೆಯಿತು. ಅದೇ ವರ್ಷದ ಟೋಕಿಯೋ ಒಲಿಂಪಿಕ್ಸ್‌ಗೆ ಅರ್ಹತೆ ಸಿಗಲಿಲ್ಲ. 1970ರಲ್ಲಿ ಬ್ಯಾಂಕಾಕಿನ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಬಂತು. ಆ ತಂಡವನ್ನು ತಯಾರು ಮಾಡಿದವರಲ್ಲಿ ರಹೀಮರ ಶಿಷ್ಯ ಪಿ.ಕೆ. ಬ್ಯಾನರ್ಜಿ ಒಬ್ಬರು. ಅದರ ನಂತರ ಏಷ್ಯನ್ ಕ್ರೀಡಾಕೂಟದ ಫುಟ್ಬಾಲಿನಲ್ಲಿ ಭಾರತಕ್ಕೆ ಪದಕವೇ ಇಲ್ಲ.

ರಹೀಮರ ಕೈಕೆಳಗೆ ಪಳಗಿದ್ದ ಆಲ್ಬರ್ಟೊ ಫೆರ್ನಾಂಡೊ 1964ರಲ್ಲಿ ತರಬೇತಿಗಾಗಿ ಬ್ರೆಜಿಲ್‌ಗೆ ಹೋಗಿದ್ದರು. ಅಲ್ಲಿ ಹೊಸತೆಂದು ಹೇಳಿಕೊಡುತ್ತಿದ್ದ ಪಾಠಗಳನ್ನು ತಾವು 1956ರಲ್ಲೇ ರಹೀಮರಿಂದ ಕಲಿತಿದ್ದೆವೆಂದು ಅವರು ಬಂದು ಹೇಳಿದ್ದು ಭಾರತದ ಫುಟ್ಬಾಲ್ ವಲಯದಲ್ಲಿ ಪ್ರಸಿದ್ಧ. ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದೇ 1985ರಲ್ಲಿ. ಆ ಹೊತ್ತಿಗೆ ರಹೀಂ ತೀರಿಹೋಗಿ 22 ವರ್ಷ ಕಳೆದಿತ್ತು.

ಮಗ ಹಕೀಂ ಅಪ್ಪನ ದಾರಿಯಲ್ಲೇ ನಡೆದರು. ವಾಯುಪಡೆಯಲ್ಲಿ ಅಧಿಕಾರಿಯಾಗಿ, ಅಂತಾರಾಷ್ಟ್ರೀಯ ತೀರ್ಪುಗಾರರಾಗಿ, ತರಬೇತುದಾರರಾಗಿ ದುಡಿದರು. 2017ರಲ್ಲಿ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಸಂದಿತು. 2021ರ ಆಗಸ್ಟ್ 22ರಂದು ಅವರು ತೀರಿಕೊಂಡದ್ದು ಕಲಬುರಗಿಯಲ್ಲಿ. ಅಪ್ಪ ಹುಟ್ಟಿದ ಕಾಲಕ್ಕೆ ಒಂದೇ ಸಂಸ್ಥಾನವಾಗಿದ್ದ ಎರಡು ಊರುಗಳು, ಮಗನ ಕಾಲಕ್ಕೆ ಎರಡು ರಾಜ್ಯಗಳಲ್ಲಿದ್ದವು.

ಉಳಿದಿರುವ ಪಾಠ

ರಹೀಮರ ಕಾಲದಲ್ಲಿ ಭಾರತದ ಫುಟ್ಬಾಲಿಗೆ ಹಣವಿರಲಿಲ್ಲ, ಹುಲ್ಲುಹಾಸಿನ ಮೈದಾನಗಳಿರಲಿಲ್ಲ, ಹಲವರ ಕಾಲಿಗೆ ಬೂಟೂ ಇರಲಿಲ್ಲ. ಇಂದು ದೇಶದಲ್ಲಿ ಕೋಟಿಗಟ್ಟಲೆ ರೂಪಾಯಿಯ ಲೀಗ್ ನಡೆದಿದೆ, ವಿದೇಶಿ ತರಬೇತುದಾರರು ಬಂದು ಹೋಗಿದ್ದಾರೆ. ಆದರೂ 1956 ಮತ್ತು 1962ರ ಎತ್ತರಕ್ಕೆ ಮತ್ತೆ ಏರಲಾಗಿಲ್ಲ. ಇದಕ್ಕೆ ಕಾರಣಗಳು ಹಲವು. ಜಪಾನ್, ಕೊರಿಯಾ ಮೊದಲಾದ ದೇಶಗಳು ಈ ಅವಧಿಯಲ್ಲಿ ಬಹಳ ಮುಂದೆ ಹೋಗಿವೆ ಎಂಬುದೂ ನಿಜ. ಆದರೆ ಒಬ್ಬ ಮಾಸ್ತರರು ಇಪ್ಪತ್ತು ವರ್ಷ ಒಂದೇ ಊರಿನಲ್ಲಿ ನಿಂತು, ಹುಡುಗರ ಕೊರತೆಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ತಿದ್ದಿದ ಕೆಲಸವನ್ನು ಅವರ ನಂತರ ಅದೇ ಶ್ರದ್ಧೆಯಿಂದ ಮುಂದುವರಿಸಿದವರು ವಿರಳ ಎಂಬುದನ್ನು ಮರೆಯುವಂತಿಲ್ಲ.

ಗಡಿನಾಡಿನ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಅಧ್ಯಾಪಕರ ಹುದ್ದೆ ಖಾಲಿ ಬಿದ್ದರೆ ಗಣಿತದ ಹುದ್ದೆ ಖಾಲಿ ಬಿದ್ದಷ್ಟು ಗಲಾಟೆ ಆಗುವುದಿಲ್ಲ. ಆಟದ ಪಿರಿಯಡ್ಡನ್ನು ಪರೀಕ್ಷೆ ಹತ್ತಿರ ಬಂದಾಗ ಬೇರೆ ಪಾಠಕ್ಕೆ ಬಿಟ್ಟುಕೊಡುವುದೂ ರೂಢಿ. ಭಾರತಕ್ಕೆ ಎರಡು ಚಿನ್ನ ತಂದುಕೊಟ್ಟವರು ಅಂತಹದೇ ಹುದ್ದೆಯಲ್ಲಿದ್ದವರು ಎಂಬುದನ್ನು ನೆನಪಿಟ್ಟರೆ ಆ ಪಿರಿಯಡ್ಡಿನ ಬೆಲೆ ತಿಳಿದೀತು. ಬಲಹೀನ ಕಾಲಿನ ಪಂದ್ಯಾಟ ನಡೆಸಲು ಸರಕಾರದ ಅನುದಾನ ಬೇಡ, ಪ್ರಾಯೋಜಕರು ಬೇಡ. ಒಂದು ಚೆಂಡು, ಒಂದು ಮೈದಾನ, ಹುಡುಗರ ಕಾಲನ್ನು ಗಮನವಿಟ್ಟು ನೋಡುವ ಒಬ್ಬ ಮಾಸ್ತರರು ಇದ್ದರೆ ಸಾಕು.